ದೇವರು ಕೊಟ್ಟಿದ್ದು ಒಂದೇ ಗಂಟಲು

ಪ್ರಿಯರೇ, ಇವತ್ತು ನಾನು ಪ್ರೀತಿಯ ವಿಷಯ ಮಾತಾಡಬೇಕು. ಪ್ರೀತಿ ಎಂದ ಕೂಡಲೇ ನಿಮ್ಮಲ್ಲಿ ಅರ್ಧ ಜನ ತಲೆ ತಗ್ಗಿಸಿದಿರಿ, ಇನ್ನರ್ಧ ಜನ ಗಡಿಯಾರ ನೋಡಿದಿರಿ. ನೋಡಬೇಡಿ. ಒಂದು ಕಥೆ ಹೇಳುತ್ತೇನೆ, ಊಟದ ಹೊತ್ತಿಗೆ ಬಿಡುತ್ತೇನೆ.

ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ. ಯಾವ ಊರು ಎಂದು ಕೇಳಬೇಡಿ, ಅವನ ಬೀಗರು ಇಲ್ಲೇ ಎಲ್ಲೋ ಕುಳಿತಿರುತ್ತಾರೆ. ಶ್ರೀಮಂತ ಎಂದ ಮೇಲೆ ಚರ್ಚಿನ ಸಭೆಯ ಹಿರಿಯನೂ ಹೌದು. ದೇವಾಲಯಕ್ಕೆ ಫ್ಯಾನು ಕೊಡಿಸಿ, ಒಂದೊಂದು ರೆಕ್ಕೆಯ ಮೇಲೂ ತನ್ನ ಹೆಸರು ಬರೆಸಿದ್ದ. ಫ್ಯಾನು ತಿರುಗಿದರೆ ಹೆಸರು ಕಾಣುವುದಿಲ್ಲ, ನೋಡಿ. ಅದಕ್ಕೇ ಏಪ್ರಿಲ್ ತಿಂಗಳಲ್ಲೂ ಆರಾಧನೆ ಶುರುವಾಗುವ ತನಕ ಯಾರೂ ಗುಂಡಿ ಒತ್ತುವಂತಿರಲಿಲ್ಲ. ಜನ ಬೆವರು ಒರೆಸಿಕೊಳ್ಳುತ್ತಾ ದಾನಿಯ ಹೆಸರು ಓದಬೇಕಿತ್ತು.

ಪ್ರಾರ್ಥನೆಗೆ ನಿಂತನೆಂದರೆ ಅವನ ಬಾಯಿಂದ ಜೇನು ಸುರಿಯುತ್ತಿತ್ತು. "ಓ ಪ್ರೀತಿಸ್ವರೂಪನೇ, ಕರುಣಾಸಾಗರನೇ, ನಿನ್ನ ಹೊರತು ನನಗೆ ಯಾರಿದ್ದಾರೆ!" ಆ ಕಡೆ ಅನ್ನ ಆರುತ್ತಿತ್ತು, ಈ ಕಡೆ ಮಕ್ಕಳು ಅಳುತ್ತಿದ್ದವು, ಇವನು ಮಾತ್ರ ಆಮೆನ್ ಅನ್ನುತ್ತಿರಲಿಲ್ಲ. ಅದೇ ಮನುಷ್ಯ ಮನೆಗೆ ಹೋದ ಮೇಲೆ ಹೆಂಡತಿಯ ಹತ್ತಿರ ಏನು ಮಾತಾಡುತ್ತಿದ್ದ? "ಚಾ." "ಟವೆಲ್ಲು." "ಬಾಗಲಾ ಹಾಕು." ಅಷ್ಟೇ. ಮದುವೆಯಾದಂದಿನಿಂದ ಅಷ್ಟೇ. ನಗಬೇಡಿ, ನಗುವವರ ಹೆಂಡತಿಯರು ನಗುತ್ತಿಲ್ಲ.

ಆ ಸಭೆಯಲ್ಲಿ ಒಬ್ಬ ಗಾಯಕಿ ಇದ್ದಳು. ಗಂಡ ತೀರಿಕೊಂಡಿದ್ದ, ಜಂಪರು ಹೊಲಿದು ಬದುಕುತ್ತಿದ್ದಳು. ರವಿವಾರ ದೇವಾಲಯದಲ್ಲಿ ಸ್ತೋತ್ರ ಹಾಡುವಳು. ಉಳಿದ ದಿನ ಯಾರದಾದರೂ ಮದುವೆ ಇದ್ದರೆ ಆರ್ಕೆಸ್ಟ್ರಾದಲ್ಲಿ ಪ್ರೇಮಗೀತೆ ಹಾಡುವಳು. ಹಾಡುವಾಗ ಕಣ್ಣು ಮುಚ್ಚಿ, ಮೈ ತೂಗಿ, ಸಾಲಿನ ಕಡೆಯ ಪದವನ್ನು ಹೀಗೆ ಎಳೆದು, ಉಸಿರು ಇನ್ನೇನು ಮುಗಿಯಿತು ಅನ್ನುವಾಗ ಬಿಡುವಳು. ಸ್ತೋತ್ರ ಹಾಡಿದರೆ ಮುದುಕಿಯರು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. ಮದುವೆಯಲ್ಲಿ ಹಾಡಿದರೆ ಮದುಮಗಳ ಕೆನ್ನೆ ಕೆಂಪಾಗುತ್ತಿತ್ತು, ಮದುಮಗನ ಅಜ್ಜಿಯದೂ ಆಗುತ್ತಿತ್ತು.

ಒಂದು ಶನಿವಾರ ಶ್ರೀಮಂತ ಒಂದು ಮದುವೆಗೆ ಹೋದ. ಅವಳು ಹಾಡುತ್ತಿದ್ದಳು: "ದೀಪ ಸಣ್ಣ ಮಾಡೋ ಗೆಳೆಯಾ, ಮಾತು ಇನ್ನೂ ಬಾಕಿ ಐತಿ." ಇವನು ಎರಡು ಹೋಳಿಗೆ ಹೆಚ್ಚಿಗೆ ತಿಂದು ಬಂದ. ಮರುದಿನ ಆರಾಧನೆಯಲ್ಲಿ ಅವಳು ಸ್ತೋತ್ರಕ್ಕೆ ನಿಂತಳು. ಅದೇ ದನಿ, ಅದೇ ಎಳೆತ. ಇದ್ದಕ್ಕಿದ್ದಂತೆ ಶ್ರೀಮಂತನಿಗೆ ಏನೋ ಸದ್ದು ಕೇಳಿಸಿತು. ಟಪ್, ಟಪ್, ಟಪ್. ಬಗ್ಗಿ ನೋಡುತ್ತಾನೆ, ತನ್ನದೇ ಕಾಲು! ಮೊದಲನೇ ಬೆಂಚಿನಲ್ಲಿ, ಹಿರಿಯರ ಕಾಲು, ತಾಳ ಹಾಕುತ್ತಿದೆ!

ಕಾಲು ಯಾರದು? ಇವನದು. ವಿಚಾರಣೆ ಯಾರಿಗೆ? ಅವಳಿಗೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವನು ಕುಣಿದ ಮೇಲೂ ನೆಲ ಡೊಂಕು ಅಂದ. ಆರಾಧನೆ ಮುಗಿದದ್ದೇ ತಡ, ಕಮಿಟಿ ಕರೆದ.

"ಅಕೀ ಹಾಡಿನ್ಯಾಗ ಶರೀರ ಭಾಳ ಐತಿ" ಎಂದ ಶ್ರೀಮಂತ.

"ಶರೀರ ಇಲ್ದ ಹೆಂಗ ಹಾಡ್ತಾರ್ರಿ?" ಎಂದ ಕಾರ್ಯದರ್ಶಿ. ಶ್ರೀಮಂತ ಒಂದು ಸಲ ನೋಡಿದ. ಕಾರ್ಯದರ್ಶಿ ತನ್ನ ಪೆನ್ನಿಗೆ ಶಾಯಿ ಇದೆಯೋ ಇಲ್ಲವೋ ಎಂದು ಪರೀಕ್ಷಿಸತೊಡಗಿದ.

ಗಾಯಕಿಯನ್ನು ಕರೆಸಿದರು. ಮದುವೆಯ ಹಾಡು ಬಿಡಬೇಕು, ಇಲ್ಲವೇ ದೇವಾಲಯದ ಹಾಡು ಬಿಡಬೇಕು. ಎರಡಕ್ಕೂ ಒಂದೇ ದನಿ ನಡೆಯುವುದಿಲ್ಲ.

ಅವಳು ಹೇಳಿದಳು: "ಹಿರ್ಯಾರ, ದೇವ್ರು ನನಗ ಗಂಟಲಾ ಒಂದ ಕೊಟ್ಟಾನ್ರಿ. ಎರಡ ಕೊಟ್ಟಿದ್ರ ಒಂದನ್ನ ಒಗದು ಮಡಚಿ ರವಿವಾರಕ್ಕಂತ ಇಟ್ಟಿರ್ತಿದ್ದೆ. ನನ್ನ ಗಂಡ ಇದ್ದಾಗ ಅವನ್ನ ಕರದು ಕರಿಯೂದು ಕಲತೇನಿ. ಅದ ದನ್ಯಾಗ ದೇವ್ರನ್ನೂ ಕರೀತೇನಿ. ಬ್ಯಾರೆ ದನಿ ಮಾಡಿದ್ರ ಅಂವಗ ನನ್ನ ಗುರುತು ಹೆಂಗ ಸಿಗಬೇಕು?"

ಎಂಥ ಮಾತು, ನೋಡಿ! ಕಮಿಟಿ ಏನು ಮಾಡಿತು? ಕಮಿಟಿಗಳು ಏನು ಮಾಡುತ್ತವೋ ಅದನ್ನೇ ಮಾಡಿತು. ಅವಳನ್ನು ತೆಗೆದುಹಾಕಿತು.

ಮುಂದಿನ ವಾರದಿಂದ ಗಾಯನ ತಂಡಕ್ಕೆ ಹೊಸ ನಿಯಮ. ಕೈ ಬೆನ್ನ ಹಿಂದೆ, ಕಣ್ಣು ಗೋಡೆಯ ಮೇಲೆ, ಮೈ ಅಲುಗಿಸಬಾರದು, ಪದ ಎಳೆಯಬಾರದು. ಶಾಲೆಯ ಹುಡುಗರು ಮಗ್ಗಿ ಒಪ್ಪಿಸಿದಂತೆ ಸ್ತೋತ್ರ ಹಾಡಿದರು. ಪರಿಶುದ್ಧವಾಗಿತ್ತು, ಉಪ್ಪಿಲ್ಲದ ಸಾರು ಪರಿಶುದ್ಧ ಇರುತ್ತದಲ್ಲ, ಹಾಗೆ. ಇಡೀ ಆರಾಧನೆಯಲ್ಲಿ ಸ್ವಲ್ಪ ಭಾವ ತುಂಬಿ ಬರುತ್ತಿದ್ದದ್ದು ಹಿಂದಿನ ಬೆಂಚಿನ ಒಬ್ಬ ಅಜ್ಜನ ಗೊರಕೆ ಮಾತ್ರ.

ಅಷ್ಟರಲ್ಲಿ ಶ್ರೀಮಂತನ ಹೆಂಡತಿಗೆ ಕಿವಿ ಮಂದವಾಗತೊಡಗಿತು. ಹುಬ್ಬಳ್ಳಿಗೆ ಕರೆದುಕೊಂಡು ಹೋಗಿ ತೋರಿಸಿದರು. ಡಾಕ್ಟರು ನೋಡಿ, "ನರಾ ಸೋತಾವ್ರಿ ತಾಯಿ. ಇನ್ನ ಕೆಲವು ತಿಂಗಳು ಅಷ್ಟ. ಆಮ್ಯಾಲೆ ಮಷೀನ್ ಹಾಕಿದ್ರೂ ಉಪಯೋಗ ಆಗೂದಿಲ್ಲ. ಏನು ಕೇಳಬೇಕಂತೀರಿ, ಈಗ ಕೇಳಿಬಿಡ್ರಿ" ಎಂದರು.

ಯೋಚನೆ ಮಾಡಿ. ನಿಮ್ಮ ಮನೆಯವಳ ಕಿವಿ ಇನ್ನು ಸ್ವಲ್ಪ ದಿನ ಮಾತ್ರ ಎಂದು ಗೊತ್ತಾದರೆ ನೀವು ಏನು ಹೇಳುತ್ತೀರಿ? ಈ ಮಹಾನುಭಾವ ಕಾರಿನಲ್ಲಿ ದಾರಿಯುದ್ದಕ್ಕೂ ಬಾಯಿ ಬಿಡಲಿಲ್ಲ. ಊರ ಹತ್ತಿರ ಬಂದಾಗ ಕೆಮ್ಮಿದ. ಅವಳು ಆಸೆಯಿಂದ ತಿರುಗಿದಳು. "ಏಸಿ ಕಡಿಮಿ ಮಾಡ್ಲೇನು?" ಎಂದ.

ಮನೆಗೆ ಬಂದ ಮೇಲೆ ಅವಳೇ ಹೇಳಿದಳು: "ರೀ, ಆ ಹಾಡೋ ತಂಗೀನ ಒಂದ ಸಲ ಮನಿಗೆ ಕರಸ್ರಿ."

"ಆತು. ಎರಡು ಸ್ತೋತ್ರ ಹಾಡಸೂಣು."

"ಸ್ತೋತ್ರ ನನಗ ಬಾಯಿಪಾಠ ಅದಾವು. ಕಿವಿ ಹೋದ್ರೂ ಒಳಗ ಕೇಳತಾವು. ನನಗ ಆ ಮದುವಿ ಹಾಡು ಬೇಕ್ರಿ. ಇಷ್ಟು ವರ್ಷ ಆತು, ನೀ ನನಗ ಬೇಕು ಅಂತ ನನಗ ಯಾರೂ ಅಂದಿಲ್ಲ. ಹಾಡಿನ್ಯಾಗರ ಕೇಳತೇನಿ."

ಪ್ರಿಯರೇ, ಅವನ ಉದ್ದುದ್ದ ಪ್ರಾರ್ಥನೆಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ. ನನಗೆ ಅವನ ಮೇಲೆ ಎಷ್ಟು ಸಿಟ್ಟಿದೆಯೋ ಅಷ್ಟೇ ಕನಿಕರವೂ ಇದೆ.

ಅವನು ಗಾಯಕಿಯ ಮನೆಗೆ ಹೋದ. ಅವಳು ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದಳು, ಏಳಲಿಲ್ಲ. ಶ್ರೀಮಂತ ನಿಂತುಕೊಂಡೇ ಸಂಗತಿ ಹೇಳಿದ. ಹೇಳಿ ಒಂದು ಷರತ್ತೂ ಸೇರಿಸಿದ. "ಹಿತ್ತಲ ಬಾಗಲದಿಂದ ಬಾ ತಂಗಿ. ಕಿಡಕಿ ಹಾಕಿಸಿರ್ತೇನಿ. ಸಣ್ಣ ದನ್ಯಾಗ ಹಾಡು."

ಅವಳು ಹೇಳಿದಳು: "ಹಿರ್ಯಾರ, ನನ್ನ ತಗದ ಮ್ಯಾಲೆ ರವಿವಾರ ನಾ ಎಲ್ಲೆ ಹಾಡತೇನಿ ಅಂತ ಯಾರರ ಕೇಳೀರೇನ್ರಿ? ಈ ಗ್ವಾಡಿ ಮುಂದ ಕುಂತು ಹಾಡತೇನಿ. ಇರ್ಲಿ. ಬರತೇನಿ. ನಿಮ್ಮ ಸಲುವಾಗಿ ಅಲ್ಲ, ಅಕ್ಕಾರ ಸಲುವಾಗಿ."

ಸಂಜೆ ಬಂದಳು. ಹಿತ್ತಲ ಬಾಗಿಲಿನಿಂದಲೇ ಬಂದಳು. ಸಣ್ಣ ದನಿಯಲ್ಲಿ ಶುರು ಮಾಡಿದಳು: "ದೀಪ ಸಣ್ಣ ಮಾಡೋ ಗೆಳೆಯಾ..."

"ಕೇಳವಲ್ದು ತಂಗಿ. ಜೋರಾಗಿ ಹಾಡು" ಎಂದಳು ಹೆಂಡತಿ.

ಗಾಯಕಿ ದನಿ ಏರಿಸಿದಳು. "ಇನ್ನೂ ಜೋರು." ಮತ್ತೆ ಏರಿಸಿದಳು. ಹೆಂಡತಿ, "ಏನ್ ಸೆಕಿ ಇದು" ಎಂದು ತಾನೇ ಎದ್ದು ಎಲ್ಲ ಕಿಟಕಿ ತೆರೆದುಬಿಟ್ಟಳು. ಇನ್ನೇನು? ಪರಮ ಶಿಸ್ತಿನ ಹಿರಿಯರ ಮನೆಯಿಂದ ಪ್ರೇಮಗೀತೆ ಹೊರಟಿತು, ಓಣಿ ದಾಟಿತು, ತರಕಾರಿ ಗಾಡಿಯವನು ಗಾಡಿ ನಿಲ್ಲಿಸಿದ. ಕಮಿಟಿಯವರು ಒಬ್ಬೊಬ್ಬರಾಗಿ ಬಂದು ಕಾಂಪೌಂಡ್ ಗೋಡೆಯ ಆಚೆ ನಿಂತರು. ಖಂಡಿಸಲು ಬಂದವರು, ನಿಂತು ಕೇಳಿದರು. ಪ್ರೇಮಗೀತೆ ಮುಗಿಯುತ್ತಿದ್ದಂತೆ ಅವಳು ಉಸಿರು ಕೂಡ ಬದಲಿಸದೆ, ಅದೇ ದನಿಯಲ್ಲಿ, ಅದೇ ಎಳೆತದಲ್ಲಿ ಸ್ತೋತ್ರ ಎತ್ತಿಕೊಂಡಳು. ಗೋಡೆಯಾಚೆಯವರು ಸ್ತೋತ್ರ ಬಂತೆಂದು ಭಕ್ತಿಯಿಂದ ಟೋಪಿ ತೆಗೆಯಲು ಕೈ ಎತ್ತಿದರೆ, ಟೋಪಿಗಳು ಮೊದಲೇ ಕೈಯಲ್ಲಿದ್ದವು. ಪ್ರೇಮಗೀತೆಗೇ ತೆಗೆದುಬಿಟ್ಟಿದ್ದರು!

ಹಾಡು ನಿಂತಿತು. ಹೆಂಡತಿ ಗಂಡನ ಕಡೆ ನೋಡಿದಳು. ಶ್ರೀಮಂತನ ಹಣೆಯಲ್ಲಿ ಬೆವರು. ಬಗ್ಗಿ ಅವಳ ಕಿವಿಯಲ್ಲಿ ಗೊಣಗಿದ, "ನೀ ನನಗ ಬೇಕು."

"ಏನು? ಕೇಳಲಿಲ್ಲ."

"ನೀ ನನಗ ಬೇಕು."

"ಕೇಳಲಿಲ್ಲ ನೋಡ್ರಿ."

ಪಾಪ, ಶ್ರೀಮಂತ ಕಣ್ಣು ಮುಚ್ಚಿಕೊಂಡು ಒದರಿದ: "ನೀ ನನಗ ಬೇಕು! ಮೊದಲಿಂದಾನೂ ಬೇಕು! ಹೇಳಾಕ ಬರಲಿಲ್ಲ ನನಗ!"

ಗೋಡೆಯಾಚೆಯಿಂದ ಕಾರ್ಯದರ್ಶಿ "ಆಮೆನ್" ಅಂದ. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು. "ಮೊದಲನೇ ಸಲಾನ ಕೇಳಿತ್ರಿ. ಮುಂದ ಬೇಕಾಗತೈತಲ್ಲ, ಅದಕ್ಕ ಎರಡು ಹೆಚ್ಚಿಗಿ ಇಟ್ಕೊಂಡೆ."

ಕ್ರಿಸ್ಮಸ್ ಹೊತ್ತಿಗೆ ಅವಳ ಕಿವಿ ಪೂರ್ತಿ ಹೋಯಿತು. ಗಾಯಕಿ ಮತ್ತೆ ತಂಡಕ್ಕೆ ಬಂದಳು, ಶನಿವಾರದ ಮದುವೆಯನ್ನೂ ಬಿಡಲಿಲ್ಲ. ಅವಳು ಹಾಡುವಾಗ ಶ್ರೀಮಂತನ ಹೆಂಡತಿ ಮೊದಲನೇ ಬೆಂಚಿನಲ್ಲಿ ಕುಳಿತು ಅವಳ ತುಟಿ ನೋಡುತ್ತಾಳೆ, ಕೈಯಲ್ಲಿ ತಾಳ ಹಾಕುತ್ತಾಳೆ, ಒಮ್ಮೆಯೂ ತಪ್ಪುವುದಿಲ್ಲ. ಹೊಸ ಸದ್ದು ಒಳಗೆ ಹೋಗುವುದಿಲ್ಲ, ಹಳೆಯದು ಹೊರಗೆ ಬರುವುದಿಲ್ಲ. ಆ ಗಾಯಕಿ ನಾಳೆ ತೀರಿಕೊಂಡರೆ ಅವಳ ಆಸ್ತಿ ಎಲ್ಲಿದೆ? ಆ ಹೆಂಗಸಿನ ಕಿವಿಯೊಳಗಿದೆ. ಶ್ರೀಮಂತನ ಆಸ್ತಿಯೂ ಅಲ್ಲೇ ಇದೆ, ಹೊಲ ಮನೆ ಅಲ್ಲ, ಮೂರು ಸಲ ಹೇಳಿದ ಒಂದು ಮಾತು.

ಈಗ ನಿಮ್ಮ ವಿಷಯಕ್ಕೆ ಬರೋಣ. ಇಷ್ಟು ಹೊತ್ತು ಶ್ರೀಮಂತನನ್ನು ನೋಡಿ ನಕ್ಕಿರಿ. ನಿಮ್ಮ ಮನೆಯವರ ಕಿವಿಯಲ್ಲಿ ಏನು ತುಂಬಿಸಿದ್ದೀರಿ? ನಿನ್ನೆ ಏನು ಹೇಳಿದಿರಿ? ಉಪ್ಪು ಜಾಸ್ತಿ. ಕರೆಂಟ್ ಬಿಲ್ ಎಲ್ಲಿ. ರಿಮೋಟ್ ಕೊಡು. ತಾಯಂದಿರೇ, ನೀವೂ ನಗಬೇಡಿ, ಗಂಡ ಬಾಗಿಲಿಗೆ ಬಂದ ಕೂಡಲೇ ಚಪ್ಪಲಿಯ ಮೇಲೆ ಪ್ರವಚನ ಮಾಡುವವರು ಯಾರು? ದೇವರ ಮುಂದೆ ಜೇನು, ಮನೆಯಲ್ಲಿ ಬೇವು. ದೇವರಿಗೆ ಆ ಜೇನು ಹೇಗೆ ರುಚಿಸೀತು? ನಮ್ಮ ಮೈಯನ್ನು, ಉಸಿರನ್ನು, ಒಬ್ಬರಿಗೊಬ್ಬರು ಬೇಕು ಅನ್ನುವ ಆಸೆಯನ್ನು ಕೊಟ್ಟವನು ಅವನೇ ಅಲ್ಲವೇ? ಅದನ್ನು ಚಪ್ಪಲಿಯ ಜೊತೆ ಹೊರಗೆ ಬಿಟ್ಟು ಒಳಗೆ ಬಂದರೆ ನಿಮ್ಮ ಹತ್ತಿರ ಹಾಡಲು ಏನು ಉಳಿಯುತ್ತದೆ?

ಆದ್ದರಿಂದ ಇವತ್ತು ಮನೆಗೆ ಹೋಗಿ. ಊಟಕ್ಕೆ ಕೂರುವ ಮೊದಲೇ ಹೇಳಿ, ತಿಂದ ಮೇಲೆ ನಿದ್ದೆ ಬರುತ್ತದೆ, ನನಗೆ ಗೊತ್ತಿದೆ. ಹೆಂಡತಿಗೆ ಹೇಳಿ, ಗಂಡನಿಗೆ ಹೇಳಿ, ಅವ್ವನಿಗೆ ಹೇಳಿ, ಮಾತು ಬಿಟ್ಟ ತಮ್ಮನಿಗೆ ಫೋನ್ ಮಾಡಿ ಹೇಳಿ. ಸಭಾಪಾಲಕರು ಹೇಳಲು ಹೇಳಿದರು ಎಂದು ಮಾತ್ರ ಹೇಳಬೇಡಿ. ಮತ್ತು ಅವರು "ಏನು? ಕೇಳಲಿಲ್ಲ" ಎಂದರೆ ಸಿಡುಕಬೇಡಿ. ಇನ್ನೊಂದು ಸಲ ಹೇಳಿ.