ವೀರನಿಗೆ ಮನೆಯಿಲ್ಲವೇ?

ಸಭೆಯ ಅಧ್ಯಕ್ಷರೂ, ಕುಲದ ಹಿರಿಯರೂ, ನನ್ನ ಭಾವನವರೂ ಆದ ಸೆಂಕುಂಬ ಅವರೇ, ವೇದಿಕೆಯ ಗಣ್ಯರೇ, ದ್ವೀಪಗಳಿಂದ ದೋಣಿ ಹತ್ತಿ ಬಂದು ಮುಂದಿನ ಬೆಂಚಿನಲ್ಲಿ ಕುಳಿತ ನೆಂಟರೇ, ಸಭಿಕರೇ,

ನಲುಬಾಲೆ ಸರೋವರದಲ್ಲಿ ದೋಣಿ ಮಗುಚಿದಾಗ ಜನರನ್ನು ದಡಕ್ಕೆ ಎಳೆದು ತಂದನೆಂದು ನನ್ನ ಮಗ ವಸಜ್ಜನಿಗೆ ಇಂದು ಸನ್ಮಾನ ಮಾಡಿದಿರಿ. ಅವನ ಗೌರವಕ್ಕೆಂದು ಹಾರುವ ವೀರನ ಸಿನಿಮಾ ತೋರಿಸಿದಿರಿ. ತಾಯಿ ಎರಡು ಮಾತಾಡಲಿ ಎಂದಿರಿ. ಮೊದಲು ಸಿನಿಮಾದ ವಿಚಾರ ಹೇಳಿಬಿಡುತ್ತೇನೆ. ಅದು ನನಗೆ ಒಂದಿಷ್ಟೂ ಹಿಡಿಸಲಿಲ್ಲ.

ಊರೆಲ್ಲ ಪುಡಿಯಾದರೂ ಆ ವೀರನ ಕ್ರಾಪು ಕೆದರುವುದಿಲ್ಲ. ಇರಲಿ. ಮಾರುಕಟ್ಟೆಯ ಮೇಲೆ ಬಸ್ಸು ಎತ್ತಿ ಎಸೆಯುತ್ತಾನೆ, ಟೊಮೆಟೊ ಮಾರುವವಳ ಗತಿಯೇನೆಂದು ಯಾರೂ ಕೇಳುವುದಿಲ್ಲ. ಅದೂ ಇರಲಿ. ಅಪ್ಪನನ್ನು ಹೂಳುವ ಹೊತ್ತಿಗೆ ಊರು ಉಳಿಸಲು ಹಾರಿಹೋಗುತ್ತಾನೆ. ಅದೇನೋ ಸರಿ. ಆದರೆ ಕೊನೆಗೆ ಕಟ್ಟಡದ ತುದಿಯಲ್ಲಿ ಒಬ್ಬನೇ ನಿಂತು, 'ವೀರನಿಗೆ ಮನೆಯಿಲ್ಲ' ಎನ್ನುತ್ತಾನಲ್ಲ, ನೀವು ಚಪ್ಪಾಳೆ ತಟ್ಟಿದಿರಲ್ಲ, ಇದು ನೀತಿಯೇ? 'ಬಾರೋ, ಎರಡು ತುತ್ತು ಬಾಳೆಕಾಯಿ ಮಟೋಕೆ ತಿಂದು ಹೋಗು' ಎನ್ನುವವರು ಅವನಿಗೆ ಯಾರೂ ಇರಲಿಲ್ಲವೇ?

ನನ್ನ ಗಂಡ ಮಗ ಬರುವತನಕ ಊಟ ಸುತ್ತಿಟ್ಟ ಬಾಳೆಲೆ ಬಿಚ್ಚಲು ಬಿಡುತ್ತಿರಲಿಲ್ಲ. 'ಆರಿ ಹೋಗುತ್ತೆ, ತಿನ್ನಿ ಅಂದ್ರೆ' ಎಂದು ನಾನು ಗದರುತ್ತಿದ್ದೆ. 'ಇರೇ, ನೀರಿನಿಂದ ಹಸ್ಕೊಂಡು ಬರ್ತಾನೆ ಹುಡುಗ' ಎನ್ನುತ್ತಿದ್ದರು. ಈಗ ನಾನು ಕಾಯುತ್ತೇನೆ. ಅವನು ಬರುವುದಿಲ್ಲ. ದಡದಲ್ಲಿ ಬಲೆ ಇಡುವ ಕೊಟ್ಟಿಗೆಯಲ್ಲೇ ಮಲಗುತ್ತಾನೆ. ಕ್ಷಮಿಸಿ, ಇದನ್ನು ಹೇಳಬೇಕೆಂದಿರಲಿಲ್ಲ.

ಅವನ ಅಪ್ಪನ ಮಣ್ಣಿನ ದಿನವೇ ದೋಣಿ ಮಗುಚಿದ್ದು. ಕೂಗು ಕೇಳಿ ಕುಣಿಯ ಬಳಿಯಿಂದಲೇ ಓಡಿದ. ಒದ್ದೆ ಮೈಯಲ್ಲಿ ಹಿಂತಿರುಗುವಷ್ಟರಲ್ಲಿ ಕುಣಿ ಮುಚ್ಚಿತ್ತು. ಆಗ ಇದೇ ಅಧ್ಯಕ್ಷರು, ನನ್ನ ಭಾವನವರು, 'ಅಪ್ಪನಿಗೆ ಮಣ್ಣು ಹಾಕದೋನು ಎಂಥ ಮಗ? ಇವನಿಗೆ ತೊಗಟೆಬಟ್ಟೆ ಹೊದಿಸೋಕೆ ನನ್ನ ಕೈ ಬರಲ್ಲ' ಎಂದರು. ಮುಂದಿನ ಶನಿವಾರ ಸಾವಿನ ಕೊನೆಯ ಕಾರ್ಯ. ಅಂದು ಆ ಬಟ್ಟೆ ಯಾರ ಹೆಗಲಿಗೆ ಬೀಳುತ್ತದೋ ಅವನೇ ಮನೆಗೆ ವಾರಸುದಾರ. ಮಗನನ್ನು ಕೇಳಿದರೆ, 'ಬಿಟ್ಬಿಡಮ್ಮ, ಜಗಳ ಬೇಡ' ಎನ್ನುತ್ತಾನೆ. ನಾನು ಬಿಡುವವಳಲ್ಲ.

ಆ ದೋಣಿಯಲ್ಲಿ ಇದ್ದವರು ಯಾರು? ಇಗೋ, ಈ ಮುಂದಿನ ಬೆಂಚಿನವರು. ಎಲ್ಲಿಗೆ ಹೊರಟಿದ್ದರು? ನನ್ನ ಗಂಡನ ಮಣ್ಣಿಗೆ. ಅಪ್ಪನ ಮಣ್ಣಿಗೆ ಬಂದವರನ್ನು ನೀರಿಗೆ ಬಿಟ್ಟು ಇವನು ಕುಣಿಯ ಹತ್ತಿರ ನಿಂತಿರಬೇಕಿತ್ತೇ?

ಅಧ್ಯಕ್ಷರೇ, ನನ್ನ ನಂತರ ನಿಮ್ಮ ಭಾಷಣ. ಶನಿವಾರ ಬಟ್ಟೆ ಯಾರಿಗೆಂದು ಇದೇ ಮೈಕಿನಲ್ಲಿ ಹೇಳಿ. ಹೇಳಲಾಗದಿದ್ದರೆ, ಈಗಷ್ಟೇ ನೀವು ಅವನ ಕೊರಳಿಗೆ ಹಾಕಿದ ಪದಕವನ್ನು ನಿಮ್ಮ ಕೈಯಾರೆ ತೆಗೆದುಬಿಡಿ. ಮುದುಕಿಯ ಮಾತನ್ನು ಸುಮ್ಮನೆ ಕುಳಿತು ಕೇಳಿದ ನಿಮಗೆಲ್ಲ ಋಣಿ. ನಮಸ್ಕಾರ.