ದೊಡ್ಡವನ ಕೆಂಪು ಮೊಟ್ಟೆ

...ಅಲ್ಲಿ ಕೂರಬೇಡ, ಅಲ್ಲಿ ಮೊಟ್ಟೆ ಆರೋಕೆ ಇಟ್ಟಿದ್ದೀನಿ! ನೋಡು, ನೋಡು... ಆ ಸ್ಟೂಲ್ ಎಳ್ಕೊಂಡು ನನ್ನ ಎದುರಿಗೆ ಕೂತ್ಕೋ. ಹಾಂ. ಕಾರ್ಖಾನೇಲಿ ದಿನಾ ಮುಖ ನೋಡ್ತೀಯ, ಅಕ್ಕನ ಅಡುಗೆಮನೆ ನೆನಪಾಗೋದು ವರ್ಷಕ್ಕೊಂದ್ಸಲ. ಬಂದವಳು ಮೊದಲು ಮಾಡೋ ಕೆಲಸ ಏನು? ಮೊಟ್ಟೆ ಮೇಲೆ ಕೂರೋದು. ಕಾವು ಕೊಡ್ತೀಯೇನೆ? ಬೇಯಿಸಿರೋ ಮೊಟ್ಟೆ ಕಣೇ, ಎಷ್ಟು ಕೂತರೂ ಮರಿ ಬರಲ್ಲ.

ನಗ್ತಾಳೆ ನೋಡು! ನಗು, ನಗು. ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ. ನಮ್ಮಿಬ್ಬರಲ್ಲಿ ಕೆಸರೆಲ್ಲಾ ನನಗೆ, ಮೊಸರೆಲ್ಲಾ ನಿನಗೆ. ನಾಳೆ ಈಸ್ಟರ್ ಹಬ್ಬದ ಬೆಳಿಗ್ಗೆ ನಿನ್ನ ಮಕ್ಕಳಿಬ್ರೂ ಬಂದು ನನ್ನ ಮಂಚದ ಕೆಳಗೆ, ಬೂಟಿನೊಳಗೆ, ಹಿಟ್ಟಿನ ಡಬ್ಬದೊಳಗೆ ಕೈ ಹಾಕಿ ಮೊಟ್ಟೆ ಹುಡುಕ್ತಾರೆ. ಹೋದ ವರ್ಷ ಒಂದು ಯಾರಿಗೂ ಸಿಗಲಿಲ್ಲ, ನೆನಪಿದೆಯಾ? ಮೂರು ವಾರ ಆದ್ಮೇಲೆ ಅದೇ ವಾಸನೆ ಕೊಟ್ಟು ನನ್ನನ್ನ ಕರೀತು! ಮತ್ತೆ, ನಿಮ್ಮ ಯಜಮಾನ್ರೂ ಬರ್ತಾರೆ ತಾನೆ? ಬರಲಿ, ಬರಲಿ. ಹುಡುಕೋಕೆ ಸೊಂಟ ನೋವು, ತಿನ್ನೋಕೆ ಏನೂ ನೋವಿಲ್ಲ ಅವರಿಗೆ.

ಸುಮ್ಮನೆ ಕೂರಬೇಡ, ವಿನೆಗರ್ ತಗೊಂಡು ಇವನ್ನ ಒರೆಸಿಕೊಡು. ಜಿಡ್ಡಿದ್ರೆ ಬಣ್ಣ ಹತ್ತಲ್ಲ. ಹಳದಿ ಆಯ್ತು, ನೀಲಿ ಆಯ್ತು, ಆ ಬಟ್ಟಲೆರಡೂ ತೊಳೆಯೋಕೆ ಹಾಕಿದೆ. ಇನ್ನು ಉಳಿದಿದ್ದು ಕೆಂಪು, ಹಸಿರು. ನಿನ್ನ ದೊಡ್ಡವನಿಗೆ ಕೆಂಪು, ಚಿಕ್ಕವಳಿಗೆ ಹಸಿರು. ಅದಲು ಬದಲಾದ್ರೆ ಮನೆ ಯುದ್ಧಭೂಮಿ. ದೊಡ್ಡವನಂತೂ, ಅಬ್ಬಾ, ಕೆಂಪಲ್ಲದ ಮೊಟ್ಟೇನ ಮೊಟ್ಟೆ ಅಂತಾನೇ ಒಪ್ಪಲ್ಲ.

ಅಯ್ಯೋ! ಚೆಲ್ಲಿದ್ಯಾ? ಇಡೀ ಬಾಟ್ಲೀನಾ? ಶಹಭಾಷ್. ಕಾರ್ಖಾನೇಲಿ ಜನರ ತಪ್ಪು ಹುಡುಕೋಕೆ ಸಂಬಳ ತಗೊಳ್ಳೋ ಕೈ ಅದು! ಒರೆಸು, ಆ ಬಟ್ಟೆ ತಗೋ. ಬಟ್ಟಲು ಎತ್ತಿ ಒರೆಸು, ಕೆಳಗೂ ಹರಿದಿದೆ. ಮತ್ತೆ ಇದ್ದ ಹಾಗೇ ಇಡು, ಎಡಗಡೆ ಕೆಂಪು, ಬಲಗಡೆ ಹಸಿರು... ಇಟ್ಯಾ? ಸರಿ. ಕೊಡು ಒಂದು ಮೊಟ್ಟೆ, ಕೆಂಪಲ್ಲಿ ಅದ್ದಿಡ್ತೀನಿ.

ಏನು, ಬ್ಯಾಗಿನ ಕಡೆ ಹತ್ತು ಸಲ ನೋಡ್ತಿದ್ದೀಯ? ಆ ಕಾಗದ ತಂದಿದ್ದೀಯ, ಅಲ್ವಾ? ಗೊತ್ತು ನನಗೆ. ಅಕ್ಕನ ಮೇಲೆ ಪ್ರೀತಿ ಉಕ್ಕಿ ಬಂದವಳಲ್ಲ ನೀನು. ನಾಡಿದ್ದು ಬೆಳಿಗ್ಗೆ ನಮ್ಮ ಮ್ಯಾನೇಜರ್ ಗಡಿಯಾರ ಸಾಹೇಬ್ರಿಗೆ ಹೆಸರು ಕೊಡಬೇಕು. ಆ ಮನುಷ್ಯ ಮುಖ ನೋಡಿ ಮಾತಾಡಿದ್ದು ನಾ ಕಂಡಿಲ್ಲ, ಯಾವಾಗ್ಲೂ ಕೈಗಡಿಯಾರದ ಜೊತೆಗೇ ಮಾತು. ಆರ್ಡರ್ ಬಂದಿದ್ದು ಕೆಂಪು ಅಂಚಿನ ಕಪ್‌ಗಳಿಗೆ, ಭಟ್ಟಿಯಿಂದ ಹೊರಗೆ ಬಂದಿದ್ದು ಹಸಿರು ಅಂಚಿನ ಅರವತ್ತು. ಕಡೇಲಿ ನಿಂತು ಕಪ್ ಪರೀಕ್ಷೆ ಮಾಡೋಳು ನೀನು, ಅದಕ್ಕೇ ತಪ್ಪು ಯಾರದ್ದು ಅಂತ ಬರೆದುಕೊಡೋ ಕೆಲಸವೂ ನಿನ್ನ ಕುತ್ತಿಗೆಗೇ.

ಅದರಲ್ಲೇನು ಯೋಚನೆ? ಕಪ್‌ಗೆ ಬಣ್ಣದ ಅಂಚು ಬರೆಯೋರು ಇಬ್ಬರೇ, ನಾನು, ನನ್ನ ಪಕ್ಕದ ಮೇಜಿನ ಹೊಸಬಳು. ನಾನು ಇಪ್ಪತ್ತೆರಡು ವರ್ಷದಿಂದ ಬರೀತಿದ್ದೀನಿ. ಅವಳು ಬಂದು ನಾಲ್ಕು ತಿಂಗಳು. ಇದಕ್ಕೆ ಪಂಚಾಯ್ತಿ ಸೇರಿಸಬೇಕಾ? ಮೌನಗೌರಿ ಅವಳು! ಕೇಳಿದ್ರೆ ಏನಂತಾಳೆ... "ಅಕ್ಕಾ, ನನ್ನ ಬಣ್ಣದ ಬಾಟ್ಲಿ ಕೆಂಪೇ ಇತ್ತು." ಇತ್ತಂತೆ! ಮಳ್ಳಿ ಮಳ್ಳಿ ಮಂಚಕ್ಕೆಷ್ಟು ಕಾಲು ಅಂದ್ರೆ, ಮೂರು ಮತ್ತೊಂದು ಅಂದಳಂತೆ.

ಏನಂದೆ? ಅವಳ ಸಂಬಳದಲ್ಲೇ ಮನೆ ನಡೀಬೇಕು, ಎರಡು ಮಕ್ಕಳು ಅಂತಾ? ಓಹೋ. ನನ್ನ ಮನೆ ಗಾಳೀಲಿ ನಡೀತಿದೆಯಾ? ನಾನೊಬ್ಬಳೇ ಇರೋದು ಅಂತ ನನಗೆ ಹೊಟ್ಟೆ ಇಲ್ವಾ?

ಇಲ್ಲ, ಅವಳದ್ದೇ ತಪ್ಪು. ಹೇಳ್ತೀನಿ ಕೇಳು. ಸಂಜೆ ಶೆಲ್ಫ್ ಒರೆಸ್ತಾಳಲ್ಲ, ಬಾಟ್ಲಿ ಇದ್ದ ಜಾಗದಲ್ಲಿ ಇಡೋದೇ ಇಲ್ಲ! ಕೆಂಪಿನ ಜಾಗದಲ್ಲಿ ಇನ್ನೊಂದು. ನಾನು ಎಷ್ಟು ಸಲ ಬೈದಿದ್ದೀನಿ... ನನ್ನ ಬಾಟ್ಲಿ ಮುಟ್ಟಬೇಡ, ನನಗೆ ಕೈಗೆ ಸಿಗಬೇಕು, ಅಷ್ಟೇ, ಅಂತ. ಕೇಳಿದ್ರೆ ತಾನೆ? ಚೊಕ್ಕಟ, ಚೊಕ್ಕಟ ಅಂತ ಸಾಯ್ತಾಳೆ.

ಯಾಕೆ ಹಾಗೆ ನೋಡ್ತೀಯ? ಬಾಟ್ಲಿ ಎಲ್ಲಿದ್ರೇನು, ಬಣ್ಣ ನೋಡಿ ತಗೋಬಹುದಲ್ಲ ಅಂತಾ? ತಗೋಬಹುದಪ್ಪಾ, ತಗೋಬಹುದು. ನಿನ್ನ ಹಾಗೆ ಕೈಕಟ್ಕೊಂಡು ನಿಂತಿದ್ರೆ ಎಲ್ಲಾನೂ ನೋಡಬಹುದು. ಗಂಟೆಗೆ ಎಂಬತ್ತು ಕಪ್ ತಿರುಗಿಸೋಳು ಕೈ ನಂಬ್ತಾಳೆ. ಕಪ್ ಚಕ್ರದ ಮೇಲೆ ತಿರುಗುತ್ತೆ, ಕುಂಚ ಅಂಚಿಗೆ ತಾಗುತ್ತೆ, ಉಸಿರು ಬಿಡೋದ್ರೊಳಗೆ ಗೆರೆ ಮುಗೀತು. ನನ್ನ ಗೆರೆ ಒಂದಾದ್ರೂ ಸೊಟ್ಟ ಇತ್ತಾ? ಹೇಳು! ಆ ಅರವತ್ತರಲ್ಲಿ ಒಂದಾದ್ರೂ...

...ಅಲ್ಲ. ಅವಳ ಅರವತ್ತರಲ್ಲಿ. ಅವಳದ್ದೂ ನೆಟ್ಟಗೇ ಇತ್ತಪ್ಪಾ, ಕಲಿಸಿದ್ದು ನಾನೇ ಅಲ್ವಾ? ಒಳ್ಳೇ ಗುರು, ಕೆಟ್ಟ ಶಿಷ್ಯೆ. ಆಗುತ್ತೆ ಹಾಗೆ.

ಬಿಡು ಆ ಮಾತು, ಇಲ್ಲಿ ನೋಡು! ಮೇಲೆತ್ತಿದೆ. ಹೇಗಿದೆ? ನಿನ್ನ ದೊಡ್ಡವನ ಕೆಂಪು ಮೊಟ್ಟೆ. ಒಂದು ಚೂರು ಎಣ್ಣೆ ಒರೆಸಿದ್ರೆ ಹೊಳೀತದೆ ನೋಡು. ಈ ಸಲ ಗಾಢವಾಗಿ ಹತ್ತಿದೆ, ಅಲ್ವಾ? ಅಂಗಡಿಯವನು ಹೇಳಿದ್ದ, ಇದು ಬೆಂಕಿ ಥರ ಕೆಂಪು, ಅಕ್ಕಾ ಅಂತ. ಬೆಂಕಿ ಥರ...

ಏನೇ, ಬಾಯಿಗೆ ಬೀಗ ಹಾಕ್ಕೊಂಡೆ? ಚೆನ್ನಾಗಿಲ್ಲ ಅಂತಾದ್ರೂ ಹೇಳು. ತಪ್ಪು ಹುಡುಕೋದು ನಿನ್ನ ಉದ್ಯೋಗ, ಹುಡುಕು! ಇಲ್ಲಿ ಮಚ್ಚೆ ಇದೆಯಾ? ಬಣ್ಣ ಹತ್ತಿಲ್ವಾ?

ಮಾತಾಡೇ.

ಬಟ್ಟಲು ಯಾಕೆ ನೋಡ್ತಿದ್ದೀಯ? ಇದ್ದ ಹಾಗೇ ತಾನೆ ಇಟ್ಟಿದ್ದು? ಎಡಗಡೆ ಕೆಂಪು ಅಂದೆ... ನೀನು ಎದುರಿಗೆ ಕೂತಿದ್ದೀಯ. ನಿನ್ನ ಎಡಗಡೆ. ಅಯ್ಯೋ ಮಹರಾಯ್ತಿ... ನಿನ್ನ ಎಡಗಡೆಗೆ ಇಟ್ಟುಬಿಟ್ಟೆ.

ಇದು ಹಸಿರಾ?

ಹೌದು ಅಂತ ಬಾಯಿಬಿಟ್ಟು ಹೇಳಬೇಡ. ನಿನ್ನ ಕಣ್ಣಲ್ಲಿ ನೀರು ಬರ್ತಾ ಇದೆ, ಅದು ಕಾಣುತ್ತೆ ನನಗೆ. ಅಷ್ಟು ನೋಡೋಕೆ ಈ ಕಣ್ಣಿಗೇನೂ ಬರ ಬಂದಿಲ್ಲ. ಅಳೋದು ನನ್ನ ಪಾಲಿನ ಕೆಲಸ, ಅದೊಂದನ್ನಾದ್ರೂ ನನಗೆ ಬಿಡು.

ಆರು ತಿಂಗಳಾಯ್ತು. ಮೊದಲು ಕೆಂಪು ಮಾಸಿತು, ಹಳೇ ಸೀರೆ ಥರ. ಆಮೇಲೆ ಹಸಿರು. ಈಗ ಎರಡೂ ಮಣ್ಣು. ಕಣ್ಣಿನ ಹಿಂದಿನ ನರ ಸೋತಿದೆಯಂತೆ, ಹೋದದ್ದು ವಾಪಸ್ ಬರಲ್ಲ, ಇರೋದನ್ನ ಉಳಿಸ್ಕೋ ಅಂದ್ರು ಡಾಕ್ಟ್ರು. ಚೀಟಿ ಬರೆದುಕೊಟ್ರು, ಅದರ ಅಕ್ಷರವೂ ಓದೋಕಾಗಲಿಲ್ಲ. ಅವರ ಕೈಬರಹ ಅಂತ ಸಮಾಧಾನ ಮಾಡ್ಕೊಂಡೆ. ನಿನಗೆ ಹೇಳಿದ್ರೆ? ಹೇಳಿದ್ರೆ ಮಾರನೇ ದಿನ ನನ್ನನ್ನ ಮೇಜಿಂದ ಎಬ್ಬಿಸ್ತಾರೆ. ಗೆರೆ ಎಳೆಯೋದು ಬಿಟ್ಟು ನನಗೇನು ಬರುತ್ತೆ, ಹೇಳು? ಭಯ ಆಯ್ತು ಕಣೇ. ತುಂಬಾ ಭಯ ಆಯ್ತು.

ಅವಳು ಶೆಲ್ಫ್ ಒರೆಸಿದ್ದು ನಿಜ. ಬಾಟ್ಲಿ ಜಾಗ ಬದಲಾಗಿದ್ದು ನಿಜ. ಕಣ್ಣಿದ್ದೋರಿಗೆ ಅದು ತಪ್ಪೇ ಅಲ್ಲ. ಅರವತ್ತೂ ನಂದೇ. ಭಟ್ಟಿ ಬಾಗಿಲು ತೆಗೆದಾಗ ಅವಳಿಗೆ ಗೊತ್ತಾಯ್ತು ಅನ್ಸುತ್ತೆ. ನನ್ನ ಮುಖ ನೋಡಿದಳು. ಒಂದು ಮಾತೂ ಆಡಲಿಲ್ಲ. ನಾನು ಏನು ಮಾಡಿದೆ ಗೊತ್ತಾ? ಎಲ್ಲರ ಎದುರಿಗೆ, ಜೋರಾಗಿ, "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಅಂದೆ. ನಕ್ಕರು ಎಲ್ಲಾ. ನಾನು ಅಷ್ಟು ಚೆನ್ನಾಗಿ ಗಾದೆ ಹೇಳ್ತೀನಿ, ನೋಡು.

ತೆಗಿ ಆ ಕಾಗದ. ನನ್ನ ಹೆಸರು ಬರಿ.

...ಬರಿ ಅಂದೆ. ಪೆನ್ನು ಬೇಕಾ? ಪೆನ್ನು ನಿನ್ನ ಕೈಯಲ್ಲೇ ಇದೆಯಲ್ಲೇ. ಯಾಕೆ ಮಡಿಸ್ತಿದ್ದೀಯ? ಏ... ಬ್ಯಾಗಿಗೆ ಯಾಕೆ ಹಾಕ್ತಿದ್ದೀಯ?

ಓ.

ನೀನೂ ಸುಮ್ಮನಿರ್ತೀಯ. ನಾನು ಏನೂ ಹೇಳಲಿಲ್ಲ, ನೀನು ಏನೂ ನೋಡಲಿಲ್ಲ, ನಾಡಿದ್ದು ಅವಳ ಹೆಸರು ಹೋಗುತ್ತೆ. ಅಕ್ಕ ಅಲ್ವಾ ನಾನು... ಚಿನ್ನದಂಥ ತಂಗಿ ನೀನು. ನೀನು ಬರೋವರೆಗೂ ಇದನ್ನೇ ಪ್ರಾರ್ಥಿಸ್ತಿದ್ದೆ ನಾನು, ನೀನು ಹೀಗೇ ಸುಮ್ಮನಿರಲಿ ಅಂತ. ಈಗ ನೋಡು, ಆ ಮೌನ ಕೈಗೆ ಸಿಕ್ಕಿದೆ, ಹಿಡ್ಕೊಳ್ಳೋಕಾಗ್ತಿಲ್ಲ.

ಕೊಡು ಇಲ್ಲಿ. ಕೊಡೇ! ನಾನೇ ಬರೀತೀನಿ. ಹೆಸರು ಬರೆಯೋಕೆ ಬಣ್ಣ ಕಾಣಬೇಕಾಗಿಲ್ಲ.

...ಎಲ್ಲಿ ಬರೀಬೇಕು? ಬೆರಳಿಟ್ಟು ತೋರಿಸು.