ಅಣ್ಣನ ಕಥೆ, ತಂಗಿಯ ಬಾಯಲ್ಲಿ

ಅತ್ತಿಗೆಯವರೇ, ಮಗಳೇ, ಅಚ್ಚುಮನೆಯ ಗೆಳೆಯರೇ, ಕೆಲಸ ಬಿಟ್ಟು ಬಂದಿರುವ ಎಲ್ಲರಿಗೂ ನಮಸ್ಕಾರ.

ನಾವೆಲ್ಲ ಪ್ರೀತಿಯಿಂದ ‘ಪೆನ್ಸಿಲ್’ ಎಂದು ಕರೆಯುತ್ತಿದ್ದ ಗೆಳೆಯ ಇನ್ನಿಲ್ಲ. ಇಪ್ಪತ್ತೆರಡು ವರ್ಷ ನಾವಿಬ್ಬರೂ ಒಂದೇ ಮೇಜಿನ ಆಚೆ ಈಚೆ ಕುಳಿತು ಪುಸ್ತಕಗಳ ಕರಡು ತಿದ್ದಿದೆವು. ಇಬ್ಬರೂ ಕಥೆ ಬರೆದೆವು. ಅವನ ಒಳ್ಳೆಯತನದ ಬಗ್ಗೆ ಉಳಿದವರು ಹೇಳಿದ್ದಾರೆ. ನಾನು ನನ್ನ ಹೊಟ್ಟೆಕಿಚ್ಚಿನ ಬಗ್ಗೆ ಹೇಳುತ್ತೇನೆ — ಅವನ ಹೆಂಡತಿ, ನಮ್ಮ ಅತ್ತಿಗೆಯವರು ಕ್ಷಮಿಸಬೇಕು.

ನನ್ನ ತಂಗಿ ಗಂಡನನ್ನು ಬಿಟ್ಟು ನಮ್ಮ ಮನೆಗೆ ಬಂದು ಹದಿನೇಳು ವರ್ಷವಾಯಿತು. ಅದನ್ನು ನಾನು ಕಥೆಯಾಗಿ ಬರೆದೆ. ‘ನಾನು’ ಎಂದು ಅಣ್ಣನೇ ಹೇಳುವ ಕಥೆ. ಕೋಣೆ ಬಿಟ್ಟುಕೊಟ್ಟ ಅಣ್ಣ, ನೆಂಟರ ಬಾಯಿ ಮುಚ್ಚಿಸಿದ ಅಣ್ಣ — ನೋಡಿ, ಎಲ್ಲ ಕಡೆ ಅಣ್ಣನೇ. ಪೆನ್ಸಿಲ್ ಓದಿ, ಕನ್ನಡಕವನ್ನು ಹೀಗೆ ಹಣೆಗೇರಿಸಿದ.

“ಭಾಷೆ ಚೆನ್ನಾಗಿದೆ. ಆದ್ರೆ ಇವನು ಸುಮ್ಮನಾದ್ರೆ ತಾನೇ ಅವಳು ಮಾತಾಡೋದು?”

“ಅಷ್ಟು ಸುಲಭ ಇದ್ರೆ ನೀನೇ ಬರಿ,” ಎಂದೆ. ಕೋಪದಲ್ಲಿ ಆಡಿದ ಮಾತು. ಅವನು ನಿಜವಾಗಿಯೂ ಬರೆದ.

ಅದೇ ಮನೆ, ಅದೇ ಅಣ್ಣ. ಹೇಳುವವಳು ಮಾತ್ರ ತಂಗಿ. ಅವನದು ಪತ್ರಿಕೆಯಲ್ಲಿ ಬಂತು, ನನ್ನದು ವಾಪಸ್ ಬಂತು. ಅದನ್ನಾದರೂ ನುಂಗಿಕೊಳ್ಳುತ್ತಿದ್ದೆ. ಆದರೆ ನನ್ನ ತಂಗಿ ಅದನ್ನು ಓದಿದಳು. ಓದುತ್ತ ಓದುತ್ತ ಕುರ್ಚಿಯಿಂದ ನೆಲಕ್ಕಿಳಿದು ಕುಳಿತಳು. “ಅಣ್ಣಾ, ಇವರು ನನ್ನನ್ನ ಯಾವಾಗ ನೋಡಿದ್ರು?” ಎಂದು ಕೇಳಿದಳು.

ಅವನು ನಮ್ಮ ಮನೆಯ ಹೊಸ್ತಿಲು ತುಳಿದವನೇ ಅಲ್ಲ.

ಮೂರು ವರ್ಷ — ಕರಡಿನ ಹಾಳೆ ದಾಟಿಸುವಾಗ ಬಿಟ್ಟರೆ ನಾನು ಅವನ ಜೊತೆ ಮಾತಾಡಲಿಲ್ಲ. ಅವನು ಮಾತ್ರ ದಿನಾ ನನ್ನ ಚಹಾವನ್ನೂ ತಂದಿಡುತ್ತಿದ್ದ. ಅದಕ್ಕೂ ಮೈ ಉರಿಯುತ್ತಿತ್ತು.

ಕಳೆದ ತಿಂಗಳು ಆಸ್ಪತ್ರೆಗೆ ಹೋದೆ. ಕ್ಷೇಮ ವಿಚಾರಿಸಲು ಬಂದೆ ಎಂದು ಅತ್ತಿಗೆಯವರಿಗೆ ಹೇಳಿದ್ದು ಸುಳ್ಳು. ನನಗೆ ಒಂದು ಮಾತು ಕೇಳಲೇಬೇಕಿತ್ತು.

“ಅವಳು ನಿನಗೆ ಹೇಗೆ ಗೊತ್ತಾದ್ಲು?”

“ನೀನೇ ಬರೆದಿದ್ಯಲ್ಲ,” ಎಂದ. ಉಸಿರು ಸಾಲುತ್ತಿರಲಿಲ್ಲ. “ಯಾರೋ ಬಾಗಿಲು ತಟ್ಟಿದಾಗ ಒಳಗೆ ಬಂದು ಹೇಳ್ತಾಳೆ — ಅಣ್ಣಾ, ನಿಮ್ಮನೆಗೆ ಯಾರೋ ಬಂದಿದ್ದಾರೆ, ಅಂತ. ಅಷ್ಟು ವರ್ಷ ಅಲ್ಲೇ ಇದ್ರೂ ‘ನಿಮ್ಮನೆ’. ನಾನು ಆ ಒಂದು ಮಾತು ಹಿಡ್ಕೊಂಡು ಹೋದೆ, ಅಷ್ಟೆ.”

ಆ ಸಾಲು ನನ್ನದು. ನನ್ನ ಕೈಯಾರೆ ಬರೆದದ್ದು. ಅದನ್ನು ನಾನು ಅವಳ ವಿನಯ ಎಂದುಕೊಂಡಿದ್ದೆ.

ಅವನು ತೀರಿಕೊಂಡ ಸುದ್ದಿಯನ್ನು ಮನೆಯಲ್ಲಿ ನಾನೇ ಹೇಳಿದೆ. ತಂಗಿ, “ಇನ್ನು ನನ್ನ ಕಥೆ ಯಾರು ಬರೀತಾರೆ ಅಣ್ಣಾ?” ಎಂದಳು.

ನಾಲ್ಕು ಪುಸ್ತಕ ಬರೆದವನು ನಾನು. ಅವಳ ಎದುರಿಗೇ ಕುಳಿತಿದ್ದೆ.

ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಎರಡು ನಿಮಿಷ — ಅವನಿಗಾಗಿ — ಮೌನವಾಗಿರೋಣ.